ಫೈಬರ್ ವೈರಿನ ತುದಿಯಲ್ಲಿ ಬೆಳಕು ಕಾಣದಿದ್ದರೆ ಇಂಟರ್‌ನೆಟ್ ಸತ್ತಿದೆ ಎಂದರ್ಥವೇ?

ಮನೆಯ ಇಂಟರ್‌ನೆಟ್ ನಿಂತಿದೆ, ಪೆಟ್ಟಿಗೆಯ ಮೇಲೆ ಕೆಂಪು ದೀಪ ಮಿನುಗುತ್ತಿದೆ. ಆಗ ಗ್ರೂಪಿನಲ್ಲಿ ಯಾರಾದರೂ ಒಂದು ಸಲಹೆ ಕಳಿಸುತ್ತಾರೆ: "ಫೈಬರ್ ವೈರ್ ಬಿಚ್ಚಿ ತುದಿ ನೋಡಿ. ಕೆಂಪು ಬೆಳಕು ಬರುತ್ತಿದ್ದರೆ ಲೈನ್ ಸರಿ ಇದೆ. ಇಲ್ಲದಿದ್ದರೆ ಲೈನ್ ಕಟ್ ಆಗಿದೆ." ಇನ್ನೊಬ್ಬರು ಸ್ವಲ್ಪ ಜಾಣರು. "ಕಣ್ಣಿಗೆ ಕಾಣದಿದ್ದರೆ ಮೊಬೈಲ್ ಕ್ಯಾಮೆರಾದಲ್ಲಿ ನೋಡಿ, ಟಿವಿ ರಿಮೋಟ್ ಕಂಡ ಹಾಗೆ ಕಾಣುತ್ತದೆ" ಎನ್ನುತ್ತಾರೆ.

ಎರಡೂ ತಪ್ಪು. ಇಂಟರ್‌ನೆಟ್ ಹೊತ್ತು ಬರುವ ಬೆಳಕು ನಿಮ್ಮ ಕಣ್ಣಿಗೆ ಕಾಣುವುದಿಲ್ಲ, ಮೊಬೈಲ್ ಕ್ಯಾಮೆರಾಗೂ ಕಾಣುವುದಿಲ್ಲ. ಲೈನ್ ಚೆನ್ನಾಗಿದ್ದಾಗಲೂ ತುದಿ ಕತ್ತಲೆಯಾಗಿಯೇ ಇರುತ್ತದೆ. ಹಾಗಾಗಿ ಕಾಣಲಿಲ್ಲ ಎಂದು ಇನ್ನಷ್ಟು ಹತ್ತಿರ ಹಿಡಿದು ನೋಡುವುದು ಒಳ್ಳೆಯ ಅಭ್ಯಾಸವಲ್ಲ. ಅಷ್ಟೊಂದು ಬಣ್ಣಗಳಿರುವಾಗ ಕಾಣದ ಬೆಳಕನ್ನೇ ಯಾಕೆ ಆರಿಸಿಕೊಂಡರು ಎಂಬುದು ಸ್ವಾರಸ್ಯದ ಕಥೆ. ಅದು ಗೊತ್ತಾದರೆ ಫೈಬರ್ ಬಗ್ಗೆ ಓಡಾಡುವ ಬೇರೆ ಕೆಲವು ಮಾತುಗಳೂ ತಾವಾಗಿಯೇ ಇತ್ಯರ್ಥವಾಗುತ್ತವೆ.

ಬಣ್ಣ ಅಂದರೆ ಆವರ್ತನ

ಬೆಂಗಳೂರಿನ ಆಕಾಶವಾಣಿಯ ಎಫ್‌ಎಂ ರೇನ್‌ಬೋ, ಅಂದರೆ ಕನ್ನಡ ಕಾಮನಬಿಲ್ಲು, 101.3 ಮೆಗಾಹರ್ಟ್ಜ್‌ನಲ್ಲಿ ಸಿಗುತ್ತದೆ. ಆ ನಿಲಯದ ರೇಡಿಯೋ ಅಲೆ ಸೆಕೆಂಡಿಗೆ 10 ಕೋಟಿ 13 ಲಕ್ಷ ಸಲ ಏರಿಳಿಯುತ್ತದೆ ಎಂದು ಅದರ ಅರ್ಥ. ಇದೇ ಫ್ರೀಕ್ವೆನ್ಸಿ. ಕನ್ನಡದಲ್ಲಿ ಆವರ್ತನ ಎನ್ನುತ್ತಾರೆ, ಶಾಲೆಯ ಪುಸ್ತಕದಲ್ಲಿ ಆವೃತ್ತಿ ಎಂದು ಓದಿರಬಹುದು.

ಬೆಳಕೂ ಅದೇ ಜಾತಿಯ ಅಲೆ, ಏರಿಳಿತ ಮಾತ್ರ ಬಹಳ ಹೆಚ್ಚು. ನಮ್ಮ ಕಣ್ಣಿಗೆ ಕಾಣುವುದು ಸುಮಾರು 400ರಿಂದ 790 ಟೆರಾಹರ್ಟ್ಜ್ ನಡುವಿನ ಅಲೆಗಳು ಮಾತ್ರ. ಒಂದು ಟೆರಾಹರ್ಟ್ಜ್ ಅಂದರೆ ಸೆಕೆಂಡಿಗೆ ಲಕ್ಷ ಕೋಟಿ ಸಲ. ಕೆಳಗಿನ ತುದಿ ಕೆಂಪು, ಮೇಲಿನ ತುದಿ ನೇರಳೆ. ಆಕಾಶದ ಕಾಮನಬಿಲ್ಲು ಕೂಡ ಆವರ್ತನಗಳ ಪಟ್ಟಿಯೇ. ಕೆಂಪಿಗಿಂತ ಕೆಳಗೆ ಇಳಿದರೆ ಇನ್‌ಫ್ರಾರೆಡ್, ಅಂದರೆ ಅವಗೆಂಪು. ಫೈಬರ್ ಕೆಲಸ ಮಾಡುವುದು ಅಲ್ಲಿ, ಹೆಚ್ಚಾಗಿ 190ರಿಂದ 240 ಟೆರಾಹರ್ಟ್ಜ್ ಆಸುಪಾಸಿನಲ್ಲಿ.

ತಂತ್ರಜ್ಞರು ಸಾಮಾನ್ಯವಾಗಿ ಆವರ್ತನದ ಬದಲು ತರಂಗದೂರ ಹೇಳುತ್ತಾರೆ. ಅಲೆಯ ಒಂದು ಶಿಖರದಿಂದ ಮುಂದಿನ ಶಿಖರಕ್ಕಿರುವ ಅಂತರ ಅದು. ಆವರ್ತನ ಹೆಚ್ಚಿದಷ್ಟೂ ತರಂಗದೂರ ಕಡಿಮೆ. ಕೆಂಪು ಸುಮಾರು 650 ನ್ಯಾನೊಮೀಟರ್, ನೀಲಿ 450. ಮನೆಯ ಫೈಬರ್‌ನಲ್ಲಿ ಬರುವ ಬೆಳಕು 1490 ನ್ಯಾನೊಮೀಟರ್, ಅಂದರೆ 201 ಟೆರಾಹರ್ಟ್ಜ್. ದೂರದೂರಿನ ಲೈನುಗಳಲ್ಲಿ 1550 ನ್ಯಾನೊಮೀಟರ್, ಸುಮಾರು 193 ಟೆರಾಹರ್ಟ್ಜ್.

ಇಲ್ಲಿ ಒಂದು ಸೂಕ್ಷ್ಮವಿದೆ. ಬೆಳಕು ಗಾಜಿನೊಳಗೆ ಹೊಕ್ಕಾಗ ಅದರ ವೇಗ ತಗ್ಗುತ್ತದೆ, ತರಂಗದೂರ ಕುಗ್ಗುತ್ತದೆ, ಆವರ್ತನ ಮಾತ್ರ ಬದಲಾಗುವುದಿಲ್ಲ. 1550 ಎಂದು ಹೆಸರಾದ ಬೆಳಕು ಗಾಜಿನೊಳಗೆ ಸುಮಾರು 1050 ನ್ಯಾನೊಮೀಟರ್‌ಗೆ ಕುಗ್ಗಿರುತ್ತದೆ. ಆದರೂ ಹಳೆಯ ಹೆಸರಿನಿಂದಲೇ ಕರೆಯುವುದು ರೂಢಿ. ಬೆಳಕಿನ ನಿಜವಾದ ಗುರುತು ಆವರ್ತನವೇ. ಅದಕ್ಕೇ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಐಟಿಯು ಹಾಕಿಕೊಟ್ಟಿರುವ ದಟ್ಟ ಚಾನಲ್‌ಗಳ ಕೋಷ್ಟಕ 193.1 ಟೆರಾಹರ್ಟ್ಜ್ ಎಂಬ ಆವರ್ತನವನ್ನು ಮೂಲವಾಗಿಟ್ಟುಕೊಂಡು ಎಣಿಸುತ್ತದೆ.

ಗಾಜಿಗೆ ಯಾವ ಬಣ್ಣ ಇಷ್ಟ?

ಕಿಟಕಿಯ ಗಾಜು ಪಾರದರ್ಶಕ ಎಂದುಕೊಳ್ಳುತ್ತೇವೆ. ಅದೇ ಗಾಜನ್ನು ಅಂಚಿನಿಂದ ನೋಡಿ, ಕಡು ಹಸಿರಾಗಿ ಕಾಣುತ್ತದೆ. ಕೆಲವು ಅಡಿ ದಪ್ಪವಾದರೆ ಸಾಕು, ಬೆಳಕು ಸೊರಗಿಹೋಗುತ್ತದೆ. 1960ರ ದಶಕದಲ್ಲಿ ಸಿಗುತ್ತಿದ್ದ ಒಳ್ಳೆಯ ಗಾಜಿನ ಎಳೆಗಳಲ್ಲೂ ಬೆಳಕು 20 ಮೀಟರ್ ಸಾಗುವಷ್ಟರಲ್ಲಿ ನೂರಕ್ಕೆ ಒಂದು ಪಾಲು ಉಳಿಯುತ್ತಿತ್ತು. ವೈದ್ಯರು ಹೊಟ್ಟೆಯೊಳಗೆ ನೋಡುವ ಎಂಡೋಸ್ಕೋಪ್‌ಗೆ ಅದು ಸಾಕು, ಊರಿಂದೂರಿಗೆ ಮಾತು ಕಳಿಸಲು ಸಾಲದು. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ 1954ರಲ್ಲಿ ಹೆರಾಲ್ಡ್ ಹಾಪ್‌ಕಿನ್ಸ್ ಜೊತೆ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸ ಇಂಥ ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸುವುದರ ಬಗ್ಗೆಯೇ ಇತ್ತು.

1966ರಲ್ಲಿ ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಒಂದು ಮಾತು ಮುಂದಿಟ್ಟರು. ತಪ್ಪು ಗಾಜಿನದಲ್ಲ, ಅದರೊಳಗಿನ ಕಲ್ಮಶದ್ದು. ಶುದ್ಧಗೊಳಿಸಿದರೆ ಒಂದು ಕಿಲೋಮೀಟರ್ ಹೋದ ಮೇಲೂ ನೂರಕ್ಕೆ ಒಂದು ಪಾಲು ಬೆಳಕು ಉಳಿಸಬಹುದು, ಅಷ್ಟಾದರೆ ಸಂವಹನಕ್ಕೆ ಸಾಕು ಎಂದು ಅವರು ಲೆಕ್ಕ ಹಾಕಿದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ರಾಬರ್ಟ್ ಮೌರರ್, ಡೊನಾಲ್ಡ್ ಕೆಕ್, ಪೀಟರ್ ಶುಲ್ಟ್ಜ್ ಆ ಗುರಿ ಮುಟ್ಟಿದರು. ಅವರು ಅಳೆದದ್ದು 633 ನ್ಯಾನೊಮೀಟರ್‌ನ ಲೇಸರ್‌ನಿಂದ, ಅಂದರೆ ಕಣ್ಣಿಗೆ ಕಾಣುವ ಕೆಂಪು ಬೆಳಕಿನಿಂದಲೇ. ಕಾವ್ ಅವರಿಗೆ 2009ರಲ್ಲಿ ನೊಬೆಲ್ ಬಂತು.

ಹಾಗಾದರೆ ಕೆಂಪನ್ನು ಬಿಟ್ಟು ಕೆಳಗಿಳಿದದ್ದು ಯಾಕೆ? ಗಾಜು ಎಷ್ಟೇ ಶುದ್ಧವಾದರೂ ಅದರ ಅಣುಗಳ ಜೋಡಣೆಯಲ್ಲಿ ಸಣ್ಣ ಏರುಪೇರು ಇದ್ದೇ ಇರುತ್ತದೆ. ಬೆಳಕು ಅವುಗಳಿಗೆ ತಾಗಿ ಅಲ್ಲಲ್ಲಿ ಚದುರುತ್ತದೆ. ಈ ಚದುರುವಿಕೆ ಆವರ್ತನದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಆವರ್ತನ ಎರಡು ಪಟ್ಟಾದರೆ ಚದುರುವಿಕೆ 16 ಪಟ್ಟು. ಹಗಲು ಆಕಾಶ ನೀಲಿಯಾಗಿ ಕಾಣುವುದಕ್ಕೂ ಸಂಜೆಯ ಸೂರ್ಯ ಕೆಂಪಾಗುವುದಕ್ಕೂ ಇದೇ ಕಾರಣ. ನೀಲಿ ದಾರಿಯಲ್ಲೇ ಚದುರಿಹೋಗುತ್ತದೆ, ಕೆಂಪು ದೂರ ತಲುಪುತ್ತದೆ. ವಾತಾವರಣಕ್ಕೆ ಹೊಂದುವ ಲೆಕ್ಕ ಗಾಜಿಗೂ ಹೊಂದುತ್ತದೆ. 1550 ನ್ಯಾನೊಮೀಟರ್‌ನ ಅವಗೆಂಪಿಗೆ ಹೋಲಿಸಿದರೆ 650ರ ಕೆಂಪು ಗಾಜಿನಲ್ಲಿ 32 ಪಟ್ಟು ಹೆಚ್ಚು ಚದುರುತ್ತದೆ, 450ರ ನೀಲಿ ಸುಮಾರು 140 ಪಟ್ಟು.

ಹಾಗಿದ್ದರೆ ಇನ್ನೂ ಕೆಳಗೆ ಹೋಗೋಣ ಎಂದರೆ ಅಲ್ಲಿ ಬೇರೆ ಗೋಡೆ ಇದೆ. ಸುಮಾರು 1600 ನ್ಯಾನೊಮೀಟರ್ ದಾಟಿದ ಮೇಲೆ ಗಾಜಿನ ಸಿಲಿಕಾನ್ ಮತ್ತು ಆಮ್ಲಜನಕದ ಬಂಧಗಳೇ ಬೆಳಕನ್ನು ಹೀರಿ ಕಂಪಿಸತೊಡಗುತ್ತವೆ. ಬೆಳಕು ಶಾಖವಾಗಿ ಕರಗಿಹೋಗುತ್ತದೆ. ಮೇಲೆ ಚದುರುವಿಕೆ, ಕೆಳಗೆ ಹೀರಿಕೆ. ಇವೆರಡರ ನಡುವಿನ ಕಣಿವೆಯ ತಳ ಇರುವುದು 1550 ನ್ಯಾನೊಮೀಟರ್ ಹತ್ತಿರ. ಅಲ್ಲಿ ಬೆಳಕು ಅರ್ಧಕ್ಕೆ ಇಳಿಯಲು 15 ಕಿಲೋಮೀಟರ್ ಸಾಗಬೇಕು. ನೂರಕ್ಕೆ ಒಂದು ಪಾಲಾಗಲು 100 ಕಿಲೋಮೀಟರ್, ಹೆಚ್ಚು ಕಡಿಮೆ ಬೆಂಗಳೂರಿನಿಂದ ಮಂಡ್ಯದಷ್ಟು ದೂರ. ಹಿಂದೆ 20 ಮೀಟರಿನಲ್ಲಿ ಆಗುತ್ತಿದ್ದ ನಷ್ಟ ಇದು.

ಕಣಿವೆಯ ದಾರಿಯಲ್ಲಿ ಒಂದು ದಿಬ್ಬವೂ ಇತ್ತು. 1383 ನ್ಯಾನೊಮೀಟರ್ ಹತ್ತಿರ ಬೆಳಕು ಧಿಡೀರನೆ ಸೊರಗುತ್ತಿತ್ತು. ಗಾಜು ತಯಾರಿಸುವಾಗ ಒಳಗೆ ಸೇರಿಕೊಂಡ ನೀರಿನ ಅಂಶ ಅದಕ್ಕೆ ಕಾರಣ. ಹೊಸ ಫೈಬರ್‌ಗಳಲ್ಲಿ ಆ ತೇವವನ್ನು ಬಹುಪಾಲು ತೆಗೆದುಬಿಡುತ್ತಾರೆ. ಹಳೆಯ ಕಾಲದ ಲೈನುಗಳು 1310 ಮತ್ತು 1550 ಎಂಬ ಎರಡು 'ಕಿಟಕಿ'ಗಳನ್ನು ಆರಿಸಿಕೊಂಡದ್ದರ ಹಿಂದೆ ಈ ದಿಬ್ಬದ ಪಾತ್ರವೂ ಇದೆ. 1310ಕ್ಕೆ ಇನ್ನೊಂದು ಗುಣ. ಸಾಮಾನ್ಯ ಫೈಬರ್‌ನಲ್ಲಿ ಅಲ್ಲಿ ಬೆಳಕಿನ ಮಿಡಿತಗಳು ಉದ್ದಕ್ಕೆ ಹರಡಿ ಒಂದರ ಮೇಲೊಂದು ಬೀಳುವುದು ತೀರಾ ಕಡಿಮೆ.

ಹಾಗಾದರೆ ಆ ಕೆಂಪು ಬೆಳಕು ಯಾವುದು?

ವಿಡಿಯೋಗಳಲ್ಲಿ ಫೈಬರ್ ತುದಿ ಕೆಂಪಗೆ ಹೊಳೆಯುವುದನ್ನು ನೋಡಿದ್ದೀರಿ. ಅದು ನಿಜವಾದ ದೃಶ್ಯವೇ. ಆದರೆ ಅದು ಇಂಟರ್‌ನೆಟ್ ಅಲ್ಲ. ಲೈನ್ ಸರಿಮಾಡುವವರ ಜೇಬಿನಲ್ಲಿರುವ ಪೆನ್ನಿನಂಥ ಲೇಸರ್ ಟಾರ್ಚಿನ ಬೆಳಕು. 650 ನ್ಯಾನೊಮೀಟರ್ ಆಸುಪಾಸಿನ ಈ ಕೆಂಪನ್ನು ಒಂದು ತುದಿಯಿಂದ ಬಿಟ್ಟು, ವೈರ್ ಎಲ್ಲಿ ಮುರಿದಿದೆ, ಹತ್ತು ಎಳೆಗಳಲ್ಲಿ ನಮ್ಮದು ಯಾವುದು ಎಂದು ಕಂಡುಕೊಳ್ಳುತ್ತಾರೆ. ಮುರಿದ ಜಾಗದಲ್ಲಿ ಕೆಂಪು ಹೊರಗೆ ಸೋರಿ ಕಾಣುತ್ತದೆ. ಗಾಜಿನಲ್ಲಿ ಕೆಂಪು ಬೇಗ ಚದುರುವುದರಿಂದ ಈ ಉಪಾಯ ನಡೆಯುವುದು ಕೆಲವು ಕಿಲೋಮೀಟರ್‌ಗಳವರೆಗೆ ಮಾತ್ರ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ಇದು ಅದಕ್ಕೆ ಒಳ್ಳೆಯ ಉದಾಹರಣೆ.

ಮೊಬೈಲ್ ಕ್ಯಾಮೆರಾದ ವಿಷಯ ಇನ್ನೂ ಚೆನ್ನಾಗಿದೆ. ಟಿವಿ ರಿಮೋಟಿನ ತುದಿಯನ್ನು ಕ್ಯಾಮೆರಾಗೆ ಹಿಡಿದು ಗುಂಡಿ ಒತ್ತಿದರೆ ಹಲವು ಫೋನ್‌ಗಳಲ್ಲಿ ನೇರಳೆ ಬಣ್ಣದ ಮಿನುಗು ಕಾಣುತ್ತದೆ. ರಿಮೋಟಿನದೂ ಅವಗೆಂಪು ಬೆಳಕೇ. ಹಾಗಾದರೆ ಫೈಬರ್‌ನದೂ ಕಾಣಬೇಕಲ್ಲ? ಕಾಣುವುದಿಲ್ಲ. ರಿಮೋಟ್ ಬಳಸುವುದು ಸುಮಾರು 940 ನ್ಯಾನೊಮೀಟರ್. ಕ್ಯಾಮೆರಾದ ಸೆನ್ಸರ್ ಸಿಲಿಕಾನ್‌ನದು. ಬೆಳಕಿನ ಒಂದೊಂದು ಕಣದ ಶಕ್ತಿ ಅದರ ಆವರ್ತನಕ್ಕೆ ತಕ್ಕಂತೆ ಇರುತ್ತದೆ. ಸಿಲಿಕಾನ್‌ನೊಳಗೆ ಒಂದು ಎಲೆಕ್ಟ್ರಾನನ್ನು ಎಬ್ಬಿಸಲು ಇಷ್ಟು ಶಕ್ತಿ ಬೇಕೇ ಬೇಕು ಎಂಬ ಮಿತಿ ಇದೆ. ಆ ಮಿತಿ ಸುಮಾರು 1100 ನ್ಯಾನೊಮೀಟರ್‌ಗೆ ಮುಗಿಯುತ್ತದೆ. 1310, 1490, 1550ರ ಬೆಳಕು ಎಷ್ಟೇ ಜೋರಾಗಿ ಬಿದ್ದರೂ ಸಿಲಿಕಾನ್‌ಗೆ ಅದು ಬಿದ್ದದ್ದೇ ಗೊತ್ತಾಗುವುದಿಲ್ಲ. ಅದಕ್ಕೇ ಫೈಬರ್ ಪೆಟ್ಟಿಗೆಯೊಳಗಿನ ಗ್ರಾಹಕದಲ್ಲಿ ಇಂಡಿಯಂ, ಗ್ಯಾಲಿಯಂ, ಆರ್ಸೆನಿಕ್ ಸೇರಿಸಿ ಮಾಡಿದ ಬೇರೆ ಅರೆವಾಹಕ ಬಳಸುತ್ತಾರೆ. ಫೋನ್ ಎಷ್ಟು ದುಬಾರಿಯಾದರೂ ಇದರಲ್ಲಿ ವ್ಯತ್ಯಾಸವಿಲ್ಲ.

ಒಂದೇ ಎಳೆಯಲ್ಲಿ ಹೋಗುವುದೂ ಬರುವುದೂ

ಮನೆಗೆ ಬರುವುದು ಒಂದೇ ಎಳೆ ಗಾಜು. ಅದರ ಒಟ್ಟು ದಪ್ಪ 125 ಮೈಕ್ರೋಮೀಟರ್, ಹೆಚ್ಚು ಕಡಿಮೆ ದಪ್ಪನೆಯ ತಲೆಗೂದಲಿನಷ್ಟು. ಬೆಳಕು ಹರಿಯುವ ನಡುವಿನ ತಿರುಳು ಬರೀ 9 ಮೈಕ್ರೋಮೀಟರ್. ಇಷ್ಟರಲ್ಲೇ ಡೌನ್‌ಲೋಡೂ ಅಪ್‌ಲೋಡೂ ಏಕಕಾಲಕ್ಕೆ ನಡೆಯುತ್ತವೆ. ಡಿಕ್ಕಿ ಹೊಡೆಯುವುದಿಲ್ಲವೇ?

ಹೊಡೆಯುವುದಿಲ್ಲ. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಜಿಪಾನ್ ಪದ್ಧತಿಯಲ್ಲಿ ಬರುವ ಬೆಳಕು 1490 ನ್ಯಾನೊಮೀಟರ್, ಹೋಗುವ ಬೆಳಕು 1310. ಕೇಬಲ್ ಟಿವಿಯನ್ನೂ ಅದೇ ಎಳೆಯಲ್ಲಿ ಕೊಡುವವರು ಅದನ್ನು 1550ರಲ್ಲಿ ಕಳಿಸುತ್ತಾರೆ. ಹೀಗೆ ಮೂರು 'ಬಣ್ಣ'ಗಳು ಒಂದೇ ಗಾಜಿನಲ್ಲಿ ಒಂದರೊಳಗೊಂದು ಹಾದುಹೋಗುತ್ತವೆ. ಪೆಟ್ಟಿಗೆಯಲ್ಲಿರುವ ಸಣ್ಣ ಫಿಲ್ಟರ್ ಇವನ್ನು ಬೇರ್ಪಡಿಸುತ್ತದೆ. ರೇಡಿಯೋದಲ್ಲಿ ಒಂದು ನಿಲಯವನ್ನು ಹಿಡಿದಾಗ ಉಳಿದವು ಕೇಳಿಸುವುದಿಲ್ಲವಲ್ಲ, ಹಾಗೆ.

ಬರುವ ಬೆಳಕನ್ನು ಬೀದಿಯ ಡಬ್ಬಿಯೊಂದರಲ್ಲಿ 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಆ ಡಬ್ಬಿಗೆ ಕರೆಂಟೂ ಬೇಡ, ಬೆಳಕನ್ನು ಕವಲು ಮಾಡುವುದಷ್ಟೇ ಅದರ ಕೆಲಸ. ಹಾಗಾಗಿ ಪಕ್ಕದ ಮನೆಯ ಡೇಟಾ ಹೊತ್ತ ಬೆಳಕು ನಿಮ್ಮ ಮನೆಗೂ ಬರುತ್ತದೆ. ಗೂಢಲಿಪಿ ಮಾಡಿ ಕಳಿಸುವ ವ್ಯವಸ್ಥೆ ಇರುವುದರಿಂದ ನಿಮ್ಮ ಪೆಟ್ಟಿಗೆ ತನ್ನದನ್ನು ಮಾತ್ರ ಬಿಡಿಸಿಕೊಳ್ಳುತ್ತದೆ. ಹೋಗುವಾಗ ಮಾತ್ರ ಬೀದಿಯವರೆಲ್ಲರದೂ ಅದೇ 1310. ಅಲ್ಲಿ ಬಣ್ಣದ ಉಪಾಯ ನಡೆಯುವುದಿಲ್ಲ. ಅದಕ್ಕೆ ಸರದಿ ಇದೆ. ಮೇಲಿನ ಕಚೇರಿಯ ಯಂತ್ರ ಒಂದೊಂದು ಮನೆಗೂ ಸೆಕೆಂಡಿನ ಸಣ್ಣ ಚೂರುಗಳನ್ನು ಹಂಚಿಕೊಡುತ್ತದೆ. ಮೇಲಿನಿಂದ ಬೆಳಕು ಬಂದು ಅಪ್ಪಣೆ ಸಿಗುವವರೆಗೆ ನಿಮ್ಮ ಪೆಟ್ಟಿಗೆ ಬಾಯಿ ಬಿಡುವುದಿಲ್ಲ.

ಜಿಪಾನ್‌ನಲ್ಲಿ ಬರುವ ಬೆಳಕು ಸೆಕೆಂಡಿಗೆ ಸುಮಾರು 250 ಕೋಟಿ ಬಿಟ್ ಹೊತ್ತು ತರುತ್ತದೆ. ಇದನ್ನು ಆವರ್ತನದ ಜೊತೆ ಗೊಂದಲ ಮಾಡಿಕೊಳ್ಳಬಾರದು. ಅಲೆಯ ಏರಿಳಿತ ಸೆಕೆಂಡಿಗೆ 201 ಲಕ್ಷ ಕೋಟಿ ಸಲ. ಬೆಳಕನ್ನು ಹೆಚ್ಚಿಸಿ ತಗ್ಗಿಸಿ 1, 0 ಬರೆಯುವುದು 250 ಕೋಟಿ ಸಲ. ಒಂದು ಬಿಟ್ ಬರೆಯುವಷ್ಟರಲ್ಲಿ ಅಲೆ 80 ಸಾವಿರ ಸಲ ಏರಿಳಿದಿರುತ್ತದೆ. ಗಾಜಿನೊಳಗೆ ಒಂದು ಬಿಟ್‌ನ ಉದ್ದ ಲೆಕ್ಕ ಹಾಕಿದರೆ ಸುಮಾರು 8 ಸೆಂಟಿಮೀಟರ್ ಬರುತ್ತದೆ. ಕಚೇರಿಯಿಂದ ನಿಮ್ಮ ಮನೆಗೆ 10 ಕಿಲೋಮೀಟರ್ ವೈರ್ ಇದ್ದರೆ, ಯಾವುದೇ ಕ್ಷಣದಲ್ಲಿ ಒಂದೂಕಾಲು ಲಕ್ಷದಷ್ಟು ಬಿಟ್‌ಗಳು ದಾರಿಯಲ್ಲೇ ಸಾಲಾಗಿ ನಡೆಯುತ್ತಿರುತ್ತವೆ.

'ಬೆಳಕಿನ ವೇಗದ ಇಂಟರ್‌ನೆಟ್' ಎಂಬ ಜಾಹೀರಾತು

ಫೈಬರ್ ಸ್ಪೀಡಾಗಿರುವುದು ಬೆಳಕು ವೇಗವಾಗಿ ಓಡುವುದರಿಂದ ಎಂದು ಬಹಳ ಜನ ನಂಬಿದ್ದಾರೆ. ಲೆಕ್ಕ ನೋಡಿ. ಶೂನ್ಯದಲ್ಲಿ ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುತ್ತದೆ, ಫೈಬರ್ ಗಾಜಿನಲ್ಲಿ ಸುಮಾರು 2 ಲಕ್ಷ. ತಾಮ್ರದ ತಂತಿಯಲ್ಲಿ ವಿದ್ಯುತ್ ಸಂಕೇತ ಸಾಗುವುದೂ ಹೆಚ್ಚು ಕಡಿಮೆ ಅಷ್ಟೇ ವೇಗದಲ್ಲಿ. ಇನ್ನು ಪೆಟ್ಟಿಗೆಯಿಂದ ಫೋನಿಗೆ ಬರುವ ವೈಫೈ ಗಾಳಿಯಲ್ಲಿ ಪೂರ್ತಿ 3 ಲಕ್ಷದ ವೇಗದಲ್ಲೇ ಓಡುತ್ತದೆ. ಓಟದ ಪಂದ್ಯವಾದರೆ ನಿಮ್ಮ ಹಾಲ್‌ನ ವೈಫೈ ಫೈಬರ್ ಅನ್ನು ಸೋಲಿಸುತ್ತದೆ!

ಫೈಬರ್ ಗೆಲ್ಲುವುದು ಅಗಲದಲ್ಲಿ. ಇಡೀ ಎಫ್‌ಎಂ ಬ್ಯಾಂಡ್ 88ರಿಂದ 108ರವರೆಗೆ, ಅಂದರೆ 20 ಮೆಗಾಹರ್ಟ್ಜ್ ಅಗಲ. ಊರಿನ ಎಲ್ಲ ನಿಲಯಗಳೂ ಅದರಲ್ಲೇ ಹೊಂದಿಕೊಳ್ಳಬೇಕು. ಹಳೆಯ ಟೆಲಿಫೋನ್ ತಂತಿಯಲ್ಲಿ ಕೆಲವು ಹತ್ತು ಮೆಗಾಹರ್ಟ್ಜ್ ದಾಟಿದರೆ ಕೆಲವೇ ನೂರು ಮೀಟರಿನಲ್ಲಿ ಸಂಕೇತ ಸೊರಗುತ್ತದೆ. ಬೆಳಕಿನ ಆವರ್ತನ 200 ಟೆರಾಹರ್ಟ್ಜ್ ಆಸುಪಾಸು ಇರುವುದರಿಂದ ಅದರ ಸಣ್ಣದೊಂದು ತುಂಡು ಕೂಡ ಅಪಾರ. 1530ರಿಂದ 1565 ನ್ಯಾನೊಮೀಟರ್‌ವರೆಗಿನ ತುಂಡಿಗೆ ಸಿ ಬ್ಯಾಂಡ್ ಎನ್ನುತ್ತಾರೆ. ಅದರ ಅಗಲ ಸುಮಾರು 44 ಲಕ್ಷ ಮೆಗಾಹರ್ಟ್ಜ್. ಎರಡು ಲಕ್ಷಕ್ಕೂ ಹೆಚ್ಚು ಎಫ್‌ಎಂ ಬ್ಯಾಂಡ್‌ಗಳು ಆ ಒಂದು ತುಂಡಿನಲ್ಲಿ ಹಿಡಿಸುತ್ತವೆ. ಇದು ಸಮುದ್ರದಡಿಯ ಕೇಬಲ್‌ಗೂ ಒಂದೇ, ನಿಮ್ಮ ಬೀದಿಯ ಕೇಬಲ್‌ಗೂ ಒಂದೇ.

ಆವರ್ತನ ಹೆಚ್ಚಾದಷ್ಟೂ ಸ್ಪೀಡ್ ಹೆಚ್ಚು ಎಂಬ ಮಾತೂ ಹಾಗಾಗಿ ಅರ್ಧ ಸತ್ಯ. ಅದು ಪೂರ್ತಿ ನಿಜವಾಗಿದ್ದರೆ ಎಲ್ಲರೂ ನೀಲಿ ಬೆಳಕನ್ನೇ ಬಳಸಬೇಕಿತ್ತು. ರೇಡಿಯೋಗಿಂತ ಬೆಳಕು ಮೇಲು, ಆದರೆ ಬೆಳಕಿನೊಳಗೆ ಯಾವುದು ಎಂದು ತೀರ್ಮಾನಿಸುವುದು ಗಾಜು.

ವೇಗದ ಮಿತಿ ನಿಜವಾಗಿ ತಟ್ಟುವುದು ದೂರದ ಕರೆಗಳಲ್ಲಿ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ದೂರವೇ ಸುಮಾರು 14,000 ಕಿಲೋಮೀಟರ್. ಗಾಜಿನಲ್ಲಿ ಹೋಗಲು 70 ಮಿಲಿಸೆಕೆಂಡ್, ಬರಲು ಇನ್ನೊಂದು 70. ಕೇಬಲ್ ನೇರವಾಗಿ ಹೋಗುವುದಿಲ್ಲವಾದ್ದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಅಮೆರಿಕದಲ್ಲಿರುವ ಮಗಳ ಜೊತೆ ವಿಡಿಯೋ ಕಾಲ್‌ನಲ್ಲಿ ಇಬ್ಬರೂ ಒಟ್ಟಿಗೆ ಮಾತು ಶುರುಮಾಡಿ ಇಬ್ಬರೂ ಒಟ್ಟಿಗೆ ನಿಲ್ಲಿಸುವ ಪೇಚಾಟ ಇದೆಯಲ್ಲ, ಅದರಲ್ಲಿ ಇದರ ಪಾಲೂ ಇದೆ. 100 ಎಂಬಿಪಿಎಸ್ ಪ್ಲಾನ್ ಬಿಟ್ಟು 300 ಹಾಕಿಸಿಕೊಂಡರೂ ಈ ಭಾಗ ಒಂದಿಷ್ಟೂ ಕಡಿಮೆಯಾಗದು. ಗಾಜಿನ ತಿರುಳಿನ ಬದಲು ನಡುವೆ ಟೊಳ್ಳಿರುವ ಹೊಸ ಬಗೆಯ ಫೈಬರ್‌ಗಳಲ್ಲಿ ಬೆಳಕು ಗಾಳಿಯಲ್ಲಿ ಹೋಗುವಷ್ಟೇ ಬೇಗ ಹೋಗುತ್ತದೆ. ಅವು ಈಗಷ್ಟೇ ಪ್ರಯೋಗಶಾಲೆಯಿಂದ ಹೊರಬರುತ್ತಿವೆ.

ನೂರು ಬಣ್ಣ, ಒಂದು ಎಳೆ, ಮತ್ತು ರಾಮನ್

ಸಿ ಬ್ಯಾಂಡನ್ನು 50 ಗಿಗಾಹರ್ಟ್ಜ್ ಅಂತರದ ಚಾನಲ್‌ಗಳಾಗಿ ಕತ್ತರಿಸಿದರೆ 80ಕ್ಕೂ ಹೆಚ್ಚು ಚಾನಲ್ ಸಿಗುತ್ತವೆ. ಒಂದೊಂದರಲ್ಲೂ 100 ಗಿಗಾಬಿಟ್ ಕಳಿಸಿದರೆ ಒಂದು ಕೂದಲೆಳೆಯಲ್ಲಿ ಸೆಕೆಂಡಿಗೆ 8 ಟೆರಾಬಿಟ್. 2020ರ ಆಗಸ್ಟ್‌ನಲ್ಲಿ ಉದ್ಘಾಟನೆಯಾದ, ಸುಮಾರು 2,300 ಕಿಲೋಮೀಟರ್ ಉದ್ದದ ಚೆನ್ನೈ–ಅಂಡಮಾನ್ ಸಮುದ್ರ ಕೇಬಲ್ ಇರಲಿ, ಖಂಡಗಳ ನಡುವಿನ ಕೇಬಲ್ ಇರಲಿ, ಎಲ್ಲದರ ಜೀವಾಳ ಹೀಗೆ ಬಣ್ಣ ಬಣ್ಣವಾಗಿ ಹಂಚುವುದೇ.

ಇಷ್ಟು ದೂರಕ್ಕೆ ನಡುವೆ ಬೆಳಕಿಗೆ ಬಲ ತುಂಬಬೇಕು. ಮೊದಲೆಲ್ಲ ಬೆಳಕನ್ನು ವಿದ್ಯುತ್ತಾಗಿಸಿ, ಸರಿಪಡಿಸಿ, ಮತ್ತೆ ಬೆಳಕಾಗಿಸುತ್ತಿದ್ದರು. 1987ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಪೇನ್ ತಂಡ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಎಮಾನ್ಯುಯೆಲ್ ಡೆಸುರ್ವೀರ್ ತಂಡ ಎರ್ಬಿಯಂ ಎಂಬ ಧಾತುವನ್ನು ಗಾಜಿಗೆ ಬೆರೆಸಿ ಬೆಳಕನ್ನು ಬೆಳಕಾಗಿಯೇ ಹಿಗ್ಗಿಸಿ ತೋರಿಸಿದವು. ಎರ್ಬಿಯಂ ಚೆನ್ನಾಗಿ ಕೆಲಸ ಮಾಡುವ ಆವರ್ತನ ಯಾವುದು? 1530ರಿಂದ 1565 ನ್ಯಾನೊಮೀಟರ್. ಗಾಜು ಅತಿ ಕಡಿಮೆ ನುಂಗುವುದೂ ಅಲ್ಲೇ. ಇದನ್ನು ಯಾರೂ ಯೋಜಿಸಿರಲಿಲ್ಲ, ನಿಸರ್ಗ ಕೊಟ್ಟ ಅದೃಷ್ಟ ಎನ್ನದೆ ವಿಧಿಯಿಲ್ಲ.

ಇನ್ನೊಂದು ಉಪಾಯಕ್ಕೆ ಸಿ.ವಿ. ರಾಮನ್ ಅವರ ಹೆಸರೇ ಇದೆ. ವಸ್ತುವಿಗೆ ತಾಗಿ ಚದುರಿದ ಬೆಳಕಿನ ಸ್ವಲ್ಪ ಭಾಗ ತನ್ನ ಆವರ್ತನವನ್ನೇ ಬದಲಿಸಿಕೊಳ್ಳುತ್ತದೆ ಎಂಬುದು 1928ರಲ್ಲಿ ಕಲ್ಕತ್ತೆಯಲ್ಲಿ ಅವರು ಕಂಡದ್ದು. ಆ ಹೊಸ ಸಂಗತಿಯ ಬಗ್ಗೆ ಅದೇ ವರ್ಷ ಮಾರ್ಚ್ 16ರಂದು ಉಪನ್ಯಾಸ ಕೊಟ್ಟದ್ದು ಬೆಂಗಳೂರಿನಲ್ಲಿ. ಗಾಜಿನಲ್ಲಿ ಈ ಬದಲಾವಣೆ ಸುಮಾರು 13 ಟೆರಾಹರ್ಟ್ಜ್. ಹಾಗಾಗಿ 1450 ನ್ಯಾನೊಮೀಟರ್‌ನ ಪ್ರಬಲ ಬೆಳಕನ್ನು ಫೈಬರ್‌ಗೆ ಹಾಯಿಸಿದರೆ ಅದರ ಶಕ್ತಿ 1550ರ ದುರ್ಬಲ ಸಂಕೇತಕ್ಕೆ ವರ್ಗಾವಣೆಯಾಗುತ್ತದೆ. ದೂರದ ಎಷ್ಟೋ ಲೈನುಗಳಲ್ಲಿ ರಾಮನ್ ಆಂಪ್ಲಿಫೈಯರ್‌ಗಳು ಕೆಲಸ ಮಾಡುತ್ತಿವೆ.

ರೇಡಿಯೇಷನ್, ಕಣ್ಣು, ಮತ್ತು ಕಾಣದ ಗಾಜಿನ ಚೂರು

ಮನೆ ಮುಂದೆ ಫೈಬರ್ ಎಳೆದರೆ ರೇಡಿಯೇಷನ್, ಕ್ಯಾನ್ಸರ್ ಎಂಬ ಭಯಕ್ಕೆ ಆಧಾರವಿಲ್ಲ. ಬೆಳಕು ಗಾಜಿನೊಳಗೇ ಇರುತ್ತದೆ. ಸೋರಿದರೂ, ಜೀವಕೋಶದ ಅಣುಗಳನ್ನು ಒಡೆದು ಅಯಾನುಗಳಾಗಿಸುವ ಶಕ್ತಿ ಬರುವುದು ಸುಮಾರು 2,400 ಟೆರಾಹರ್ಟ್ಜ್‌ಗಿಂತ ಮೇಲೆ. ಫೈಬರ್‌ನ ಬೆಳಕು ಅದರ ಹನ್ನೆರಡನೇ ಒಂದು ಪಾಲು, ದೇವರ ದೀಪದ ಕೆಂಪು ಬೆಳಕಿನ ಅರ್ಧಕ್ಕೂ ಕಡಿಮೆ ಆವರ್ತನದ್ದು. ಬಿಸಿಲಿನಲ್ಲೂ ಇದೇ ಬೆಳಕಿದೆ.

ಕಣ್ಣಿನ ವಿಷಯ ಬೇರೆ. ಮನೆಗೆ ತಲುಪುವ 1490ರ ಬೆಳಕಿನ ಶಕ್ತಿ ಸಾಮಾನ್ಯವಾಗಿ ಒಂದು ಮಿಲಿವ್ಯಾಟ್‌ನ ಆರನೇ ಒಂದು ಭಾಗಕ್ಕಿಂತ ಕಡಿಮೆ. ಜೊತೆಗೆ 1400 ನ್ಯಾನೊಮೀಟರ್‌ಗಿಂತ ಆಚೆಯ ಬೆಳಕನ್ನು ಕಣ್ಣಿನ ಮುಂಭಾಗದ ನೀರಿನಂಶ ಬಹುಪಾಲು ಹೀರಿಕೊಳ್ಳುವುದರಿಂದ ಅದು ಹಿಂದಿನ ಅಕ್ಷಿಪಟಕ್ಕೆ ಅಷ್ಟಾಗಿ ತಲುಪುವುದಿಲ್ಲ. ಒಮ್ಮೆ ತಿಳಿಯದೆ ನೋಡಿಬಿಟ್ಟವರು ಗಾಬರಿಯಾಗಬೇಕಿಲ್ಲ. ಆದರೆ ಕೇಬಲ್ ಟಿವಿ ಸೇರಿಸಿದ ಲೈನ್, ರಸ್ತೆ ಬದಿಯ ದೊಡ್ಡ ಕೇಬಲ್, ನಡುವೆ ಆಂಪ್ಲಿಫೈಯರ್ ಇರುವ ಲೈನ್, ಇವುಗಳಲ್ಲಿ ಶಕ್ತಿ ಬಹಳ ಹೆಚ್ಚಿರಬಹುದು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ತರಹದ ವೈರು. ಕಾಣುವ ಬೆಳಕು ಕಣ್ಣಿಗೆ ಹೊಡೆದರೆ ರೆಪ್ಪೆ ತಾನಾಗಿ ಮುಚ್ಚುತ್ತದೆ. ಕಾಣದ ಬೆಳಕಿಗೆ ರೆಪ್ಪೆ ಮುಚ್ಚುವುದೂ ಇಲ್ಲ. ಆದ್ದರಿಂದ ಯಾವ ತುದಿಯನ್ನೂ ಕಣ್ಣಿಗೆ ಹಿಡಿಯಬೇಡಿ, ಭೂತಗನ್ನಡಿಯಲ್ಲಂತೂ ಬೇಡವೇ ಬೇಡ. ಆ ಕೆಂಪು ಟಾರ್ಚ್ ಪೆನ್ನನ್ನೂ ಆಟದ ಸಾಮಾನು ಎಂದುಕೊಳ್ಳಬೇಡಿ. 10 ಮಿಲಿವ್ಯಾಟ್ ಮತ್ತು ಅದಕ್ಕೂ ಹೆಚ್ಚಿನವು ಮಾರಾಟಕ್ಕಿವೆ, ಮತ್ತು ಕೆಂಪು ನೇರವಾಗಿ ಅಕ್ಷಿಪಟಕ್ಕೇ ಹೋಗುತ್ತದೆ. ಮನೆಯೊಳಗೆ ನೋಡಿದರೆ ಕಾಣದ ಬೆಳಕಿಗಿಂತ ಇದಕ್ಕೇ ಹೆಚ್ಚು ಹುಷಾರಾಗಿರಬೇಕು.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಹತ್ತಿರದ ಅಪಾಯ ಗಾಜಿನ ಚೂರು. ಕನೆಕ್ಷನ್ ಕೊಡುವಾಗ ಕತ್ತರಿಸಿ ಬಿಸಾಡಿದ ಕೂದಲಿನಂಥ ತುಣುಕುಗಳು ನೆಲದಲ್ಲಿ ಕಾಣುವುದೇ ಇಲ್ಲ. ಅಂಬೆಗಾಲಿಡುವ ಮಗುವಿನ ಅಂಗೈಗೆ ಚುಚ್ಚಿಕೊಂಡರೆ ತೆಗೆಯುವುದು ಕಷ್ಟ. ಕೆಲಸ ಮುಗಿಸಿ ಹೋಗುವ ಮೊದಲು ಚೂರುಗಳನ್ನು ಡಬ್ಬಿಗೆ ಹಾಕಿಕೊಳ್ಳುವಂತೆ ಹೇಳಿ. ಉಳಿದಿದ್ದರೆ ಕೈಯಲ್ಲಿ ಗುಡಿಸದೆ ಅಂಟುಪಟ್ಟಿ ಒತ್ತಿ ಎತ್ತಿ.

ಕೆಂಪು ದೀಪ ಹತ್ತಿದಾಗ

ಪೆಟ್ಟಿಗೆಯ ಮೇಲೆ ಎಲ್‌ಒಎಸ್ ಎಂದು ಬರೆದ ಕೆಂಪು ದೀಪ ಹತ್ತಿದರೆ, ಮೇಲಿನಿಂದ ಬರಬೇಕಾದ 1490ರ ಬೆಳಕು ಸಾಕಷ್ಟು ತಲುಪುತ್ತಿಲ್ಲ ಎಂದರ್ಥ. ನೀವು ನೋಡಬೇಕಾದ್ದು ತುದಿಯನ್ನಲ್ಲ, ವೈರಿನ ದಾರಿಯನ್ನು. ಎಲ್ಲಾದರೂ ಮೊಳೆಗೆ ಸುತ್ತಿದ್ದಾರೆಯೇ, ಕಿಟಕಿಯ ಸಂದಿಯಲ್ಲಿ ಸಿಕ್ಕಿಕೊಂಡಿದೆಯೇ, ಟಿವಿ ಸ್ಟ್ಯಾಂಡಿನ ಹಿಂದೆ ಮಡಿಚಿಕೊಂಡಿದೆಯೇ ನೋಡಿ. ಬಾಗಿದ ಜಾಗದಲ್ಲಿ ಬೆಳಕು ತಿರುಳಿನಿಂದ ಹೊರಗೆ ಸೋರುತ್ತದೆ, ಮತ್ತು ಆವರ್ತನ ಕಡಿಮೆಯಾದಷ್ಟೂ ಸೋರಿಕೆ ಹೆಚ್ಚು. ಉದ್ದ ಅಲೆಗೆ ತಿರುಳಿನ ಹಿಡಿತ ಸಡಿಲ. ತಂತ್ರಜ್ಞರು ಇದನ್ನೇ ಉಪಯೋಗಿಸಿಕೊಳ್ಳುತ್ತಾರೆ. 1310 ಮತ್ತು 1550 ಎರಡರಲ್ಲೂ ಲೈನನ್ನು ಪರೀಕ್ಷಿಸಿ, 1550ರಲ್ಲಿ ಮಾತ್ರ ನಷ್ಟ ತೀರಾ ಹೆಚ್ಚಿದ್ದರೆ ಎಲ್ಲೋ ವೈರ್ ಮಡಿಚಿದೆ ಎಂದು, ಎರಡರಲ್ಲೂ ಹೆಚ್ಚಿದ್ದರೆ ಜೋಡಣೆ ಕೆಟ್ಟಿದೆ ಅಥವಾ ತುದಿ ಕೊಳಕಾಗಿದೆ ಎಂದು ಊಹಿಸುತ್ತಾರೆ.

ಮನೆಯೊಳಗೆ ಎಳೆಯುವ ಹೊಸ ವೈರುಗಳು ಒಂದು ಸೆಂಟಿಮೀಟರ್ ತ್ರಿಜ್ಯದ ಬಾಗನ್ನೂ ತಡೆದುಕೊಳ್ಳುತ್ತವೆ. ನಿಮ್ಮದು ಯಾವ ಬಗೆ ಎಂದು ಗೊತ್ತಿಲ್ಲದಿದ್ದರೆ ಮೂರು ಸೆಂಟಿಮೀಟರ್‌ಗಿಂತ ಬಿಗಿಯಾಗಿ ಸುತ್ತಬೇಡಿ. ಉಳಿದ ವೈರನ್ನು ಅಂಗೈ ಅಗಲದ ಸಿಂಬಿ ಮಾಡಿ ಇಟ್ಟರೆ ಸಾಕು. ಹಸಿರು ಅಥವಾ ನೀಲಿ ಬಣ್ಣದ ಕನೆಕ್ಟರ್ ಬಿಚ್ಚಿದರೆ ತುದಿಯನ್ನು ಬೆರಳಿನಿಂದ ಮುಟ್ಟಬೇಡಿ, ಬಾಯಿಂದ ಊದಬೇಡಿ. 9 ಮೈಕ್ರೋಮೀಟರ್ ತಿರುಳಿಗೆ ಒಂದು ಧೂಳಿನ ಕಣವೇ ಬಂಡೆ. ಹಸಿರು ಕನೆಕ್ಟರಿನ ಮುಖ ಓರೆಯಾಗಿ, ನೀಲಿಯದು ನೇರವಾಗಿ ಇರುತ್ತದೆ. ಒಂದನ್ನು ಇನ್ನೊಂದಕ್ಕೆ ಸಿಕ್ಕಿಸಿದರೆ ಎರಡೂ ಹಾಳಾಗಬಹುದು.

ಇಷ್ಟಾದರೂ ದೀಪ ಆರದಿದ್ದರೆ ದೂರು ಕೊಡಿ. ಬಂದವರು ಪವರ್ ಮೀಟರ್ ಹಾಕಿದಾಗ ರೀಡಿಂಗ್ ಕೇಳಿ ಬರೆದಿಟ್ಟುಕೊಳ್ಳಿ. ಸಾಮಾನ್ಯ ಜಿಪಾನ್ ಲೈನಿನಲ್ಲಿ ಮೈನಸ್ 8ರಿಂದ ಮೈನಸ್ 27 ಡಿಬಿಎಂ ನಡುವೆ ಇರಬೇಕು. ಮೈನಸ್ 20ರ ಆಸುಪಾಸು ಇದ್ದರೆ ನಿಶ್ಚಿಂತೆ. ಮೈನಸ್ 26, 27 ಎಂದರೆ ಈಗ ನಡೆದರೂ ಸಣ್ಣದೊಂದು ಮಡಿಕೆ ಬಿದ್ದರೆ ಮತ್ತೆ ನಿಲ್ಲುತ್ತದೆ. ಮೀಟರಿನಲ್ಲಿ 1490 ಆರಿಸಿದ್ದಾರೆಯೇ ಎಂದೂ ಒಮ್ಮೆ ನೋಡಿ. ಒಂದೇ ಬೆಳಕನ್ನು ಮೀಟರ್ ಬೇರೆ ಬೇರೆ ತರಂಗದೂರಕ್ಕೆ ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತದೆ. 850ಕ್ಕೆ ಇಟ್ಟು ಅಳೆದರೆ ಅಂಕಿ ತಪ್ಪು ಬರುತ್ತದೆ.